ನಿಮ್ಮ ಒಂದೇ ನಾಲಿಗೆ ನಂಬಿ ತರಕಾರಿ ಮಾರಬೇಡಿ

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದೇ ವಾರಕ್ಕೆ ಹದಿನಾಲ್ಕು ಮನೆಯ ಗಿರಾಕಿಗಳು ನನ್ನ ಕೈ ಬಿಟ್ಟರು. ಬೆಲೆಗೆ ತಕರಾರಿರಲಿಲ್ಲ, ತೂಕಕ್ಕೂ ಇರಲಿಲ್ಲ. ಕೇಲ್ ಸೊಪ್ಪು ಕಹಿ ಅಂತ ಅವರಂದ್ರು, ಕಹಿ ಇಲ್ಲ ಅಂತ ನಾನಂದೆ. ಅಷ್ಟೇ ಜಗಳ.

ನಮ್ಮದು ದೊಡ್ಡಬಳ್ಳಾಪುರದ ಕಡೆ ಎರಡೂವರೆ ಎಕರೆ. ಅದರಲ್ಲಿ ಅರ್ಧ ಎಕರೆ ಸೊಪ್ಪು, ನವಿಲುಕೋಸು, ಬ್ರೊಕೊಲಿ, ಕೇಲ್. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ಗೆ ವಾಟ್ಸಾಪ್ ಗ್ರೂಪಲ್ಲಿ ಆರ್ಡರ್ ತಗೊಂಡು ವಾರಕ್ಕೆ ಎರಡು ಸಲ ಕೊಟ್ಟು ಬರ್ತಿದ್ದೆ. ಆ ವಾರ ಒಬ್ಬ ಮೇಡಂ ಬರೆದರು: "ಅಣ್ಣ, ಈ ಸಲ ಕೇಲ್ ತುಂಬಾ ಕಹಿ, ಮಕ್ಕಳು ಬಾಯಿಗೇ ಇಡ್ತಿಲ್ಲ." ಇನ್ನಿಬ್ಬರು ಹೌದು ಹೌದು ಅಂದರು. ನಾನು ತೋಟದಲ್ಲೇ ನಿಂತು ಒಂದು ಎಲೆ ಕಿತ್ತು ಅಗಿದೆ. ಕಹಿ ಎಲ್ಲಿದೆ? ಸುಮ್ಮನೆ ಹಸಿ ಸೊಪ್ಪಿನ ರುಚಿ. ಮೊಬೈಲ್ ತೆಗೆದು ಎಲೆ ಅಗಿಯುತ್ತಾ ವಿಡಿಯೊ ಮಾಡಿ ಗ್ರೂಪಿಗೆ ಹಾಕಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗ್ತಿದ್ದೆ. ಕೆಳಗೆ ಒಂದು ಸಾಲು ಬರೆದೆ: "ಔಷಧಿ ಹೊಡೆದ ಸೊಪ್ಪು ತಿಂದೂ ತಿಂದೂ ನಿಮ್ಮ ನಾಲಿಗೆ ಕೆಟ್ಟಿದೆ ಮೇಡಂ."

ಆ ಸಾಲಿನ ಬೆಲೆ ಹದಿನಾಲ್ಕು ಮನೆ.

ಸಂಜೆ ಮನೆಗೆ ಬಂದು ಕೂಗಾಡ್ತಿದ್ದಾಗ ಅಮ್ಮ ಒಲೆ ಮುಂದಿನಿಂದಲೇ ಅಂದ್ಲು: "ಕಹಿನೇ ಕಣಪ್ಪ ಅದು. ನಾನು ಒಂದು ಸಲ ಕುದಿಸಿ ನೀರು ಚೆಲ್ಲಿ ಆಮೇಲೆ ಪಲ್ಯ ಮಾಡೋದು. ನಿಮ್ಮಪ್ಪಂಗೂ ನಿಂಗೂ ಅದು ಗೊತ್ತಾಗಲ್ಲ." ತಂಗಿಯೂ ತಲೆ ಆಡಿಸಿದಳು. ಮೂರು ವರ್ಷದಿಂದ ಅದೇ ಸೊಪ್ಪು ಬೆಳೀತಿದ್ದೀನಿ, ಮನೆಯಲ್ಲೇ ಇದ್ದ ಇಬ್ಬರನ್ನು ಒಂದು ದಿನ ಕೇಳಿರಲಿಲ್ಲ.

ಆಮೇಲೆ ಈ ವಿಷಯ ಓದೋಕೆ ಶುರುಮಾಡಿದೆ. ನನ್ನ ಕಥೆ ಹೊಸದೇನಲ್ಲ, 1931ರಲ್ಲೇ ಅಮೆರಿಕದಲ್ಲಿ ನಡೆದುಹೋಗಿತ್ತು. ಆರ್ಥರ್ ಫಾಕ್ಸ್ ಅಂತ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ. ಪ್ರಯೋಗಾಲಯದಲ್ಲಿ ಪಿಟಿಸಿ ಅನ್ನೋ ಪುಡಿಯನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಕುವಾಗ ಅದು ಗಾಳಿಗೆ ಹಾರಿತು. ಪಕ್ಕದಲ್ಲಿದ್ದವನು ಥೂ ಕಹಿ ಅಂತ ಬೈದ. ಫಾಕ್ಸ್ ಪುಡಿಗೆ ಇನ್ನೂ ಹತ್ತಿರದಲ್ಲಿದ್ದ, ಅವನಿಗೆ ಏನೂ ಗೊತ್ತಾಗಲಿಲ್ಲ. ಇಬ್ಬರೂ ವಾದ ಮಾಡಿದರು. ಫಾಕ್ಸ್ ನನ್ನ ಹಾಗೆ ವಿಡಿಯೊ ಹಾಕಲಿಲ್ಲ, ಸಿಕ್ಕಸಿಕ್ಕವರ ನಾಲಿಗೆಗೆಲ್ಲ ಆ ಪುಡಿ ಹಚ್ಚಿ ನೋಡಿದ. ಕೆಲವರಿಗೆ ಕಡು ಕಹಿ, ಕೆಲವರಿಗೆ ಏನೂ ಇಲ್ಲ. ವಯಸ್ಸು, ಗಂಡು, ಹೆಣ್ಣು ಯಾವುದಕ್ಕೂ ಹೊಂದಿಕೆಯಾಗಲಿಲ್ಲ. ಮುಂದೆ ಬೇರೆಯವರು ಮನೆಮನೆ ಲೆಕ್ಕ ತೆಗೆದಾಗ ಇದು ಅಪ್ಪ-ಅಮ್ಮನಿಂದ ಮಕ್ಕಳಿಗೆ ಹರಿದು ಬರುವ ಗುಣ ಅಂತ ತಿಳಿಯಿತು. ಡಿಎನ್ಎ ಪರೀಕ್ಷೆ ಬರುವ ಮುಂಚೆ ಮಗುವಿನ ಅಪ್ಪ ಯಾರು ಅನ್ನೋ ತಕರಾರಿಗೂ ಈ ಪಿಟಿಸಿ ಕಾಗದ ಬಳಸಿದ್ದುಂಟು.

ಕಾರಣವಾದ ಜೀನ್ ಸಿಕ್ಕಿದ್ದು 2003ರಲ್ಲಿ. ಹೆಸರು ಟ್ಯಾಸ್2ಆರ್38. ಹೆಸರು ಮರೆತರೂ ಪರವಾಗಿಲ್ಲ, ಅದರ ಕೆಲಸ ಮಾತ್ರ ಗೊತ್ತಿರಲಿ.

ನಾಲಿಗೆ ಮೇಲೆ ಕೆಲವು ಸಾವಿರ ರುಚಿಮೊಗ್ಗುಗಳಿವೆ. ಒಂದೊಂದು ಮೊಗ್ಗಿನಲ್ಲಿ ಐವತ್ತರಿಂದ ನೂರು ಜೀವಕೋಶ. ಈ ಕೋಶಗಳ ಮೇಲೆ ರಿಸೆಪ್ಟರ್ ಅನ್ನೋ ಬೀಗಗಳಿರುತ್ತವೆ. ತಿಂದ ಪದಾರ್ಥದ ಅಣು ಕೀಲಿಯ ಹಾಗೆ ಅದರಲ್ಲಿ ಕೂತರೆ ಮೆದುಳಿಗೆ ಸುದ್ದಿ ಹೋಗುತ್ತೆ. ಸಿಹಿಗೆ ಇರೋದು ಒಂದೇ ಜೋಡಿ ಬೀಗ. ಕಹಿಗೆ ಸುಮಾರು ಇಪ್ಪತ್ತೈದು ಬಗೆ! ಯಾಕೆ ಅಂದ್ರೆ ಗಿಡಗಳು ತಮ್ಮನ್ನು ತಿನ್ನೋ ಪ್ರಾಣಿಗಳಿಂದ ಉಳಿದುಕೊಳ್ಳೋಕೆ ನೂರೆಂಟು ಥರದ ವಿಷ ತಯಾರಿಸಿಕೊಂಡಿವೆ, ಅದನ್ನೆಲ್ಲ ಬಾಯಲ್ಲೇ ತಡೆಯೋಕೆ ನಮಗೂ ಅಷ್ಟು ಕಾವಲುಗಾರರು ಬೇಕು. (ನಾಲಿಗೆ ತುದಿಯಲ್ಲಿ ಸಿಹಿ, ಹಿಂದೆ ಕಹಿ ಅಂತ ಶಾಲೆಯಲ್ಲಿ ಚಿತ್ರ ಬಿಡಿಸಿದ್ದೆವಲ್ಲ, ಅದು ತಪ್ಪು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆ ಗೊತ್ತಾಗುತ್ತೆ.)

ಟ್ಯಾಸ್2ಆರ್38 ಆ ಇಪ್ಪತ್ತೈದರಲ್ಲಿ ಒಂದು ಬೀಗ. 333 ಅಮೈನೊ ಆಮ್ಲಗಳ ಸರ ಅದು. ಸರದಲ್ಲಿ ಮೂರೇ ಮೂರು ಮಣಿ ಬದಲಾದರೆ ಬೀಗ ಸರಿಯಾಗಿ ತೆರೆಯೋದೇ ಇಲ್ಲ. ಚೆನ್ನಾಗಿ ಕೆಲಸ ಮಾಡೋ ಪ್ರತಿಗೆ ಪಿಎವಿ ಅಂತಲೂ ಮಂದ ಪ್ರತಿಗೆ ಎವಿಐ ಅಂತಲೂ ಹೆಸರು. ಹೈಬ್ರಿಡ್ ಬೀಜದ ವ್ಯವಹಾರ ಗೊತ್ತಿರೋ ನಿಮಗೆ ಮುಂದಿನದು ಸುಲಭ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಎರಡೂ ಎವಿಐ ಆದವರಿಗೆ ಆ ಕಹಿ ಗೊತ್ತಾಗೋದೇ ಕಷ್ಟ. ಎರಡೂ ಪಿಎವಿ ಆದವರಿಗೆ ಜೋರು ಕಹಿ. ಒಂದೊಂದು ಇದ್ದವರು ನಡುವೆ. ಹೈಬ್ರಿಡ್ ಗಿಡದ ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ಗುಣ ಒಡೆದು ಒಂದೊಂದು ಗಿಡ ಒಂದೊಂದು ಥರ ಬರುತ್ತಲ್ಲ, ಹಾಗೇ ಒಂದೇ ಅಪ್ಪ-ಅಮ್ಮನ ಮಕ್ಕಳ ನಾಲಿಗೆ ಬೇರೆಬೇರೆ ಆಗಬಹುದು. ನಾನು ಜೀನ್ ಪರೀಕ್ಷೆ ಮಾಡಿಸಿಲ್ಲ. ಆದರೆ ಅಪ್ಪನಿಗೆ ಎರಡೂ ಮಂದ, ಅಮ್ಮನಿಗೆ ಒಂದೊಂದು, ನಾನು ಅಪ್ಪನ ಕಡೆ ಬಿದ್ದೆ, ತಂಗಿ ಅಮ್ಮನ ಕಡೆ ಅಂತ ನನ್ನ ಊಹೆ. ಜಗತ್ತಿನಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ನನ್ನ ಥರದವರು. ಜನಸಮುದಾಯದಿಂದ ಸಮುದಾಯಕ್ಕೆ ಈ ಲೆಕ್ಕ ಏರುತ್ತೆ, ಇಳಿಯುತ್ತೆ.

ಪಿಟಿಸಿ ಪುಡಿ ಯಾರೂ ತಿನ್ನಲ್ಲ, ಇದು ನಮಗ್ಯಾಕೆ ಅಂತೀರಾ? ಕೋಸಿನ ಜಾತಿಯಲ್ಲಿರೋ ಕಹಿ ಪದಾರ್ಥಗಳಲ್ಲಿ ಕೆಲವು ರಚನೆಯಲ್ಲಿ ಆ ಪುಡಿಯನ್ನೇ ಹೋಲುತ್ತವೆ. ಅದೇ ಬೀಗಕ್ಕೆ ಕೂರುತ್ತವೆ. ಕೇಲ್, ಬ್ರೊಕೊಲಿ, ನವಿಲುಕೋಸು, ಸಾಸಿವೆ ಸೊಪ್ಪು, ಟರ್ನಿಪ್ ಎಲ್ಲ ಒಂದೇ ವಂಶ. ಎರಡೂ ಪಿಎವಿ ಇರುವವರು ಇಂತಹ ತರಕಾರಿಯನ್ನು ಎವಿಐನವರಿಗಿಂತ ಬಹಳ ಕಹಿ ಅಂತ ಗುರುತಿಸಿದ್ದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿದೆ. ಮಕ್ಕಳ ವಿಷಯ ಇನ್ನೂ ಒಂದು ಹೆಜ್ಜೆ ಮುಂದೆ. ಒಂದೊಂದು ಪ್ರತಿ ಇರುವ ಮಕ್ಕಳು ಅದೇ ಜೀನಿನ ದೊಡ್ಡವರಿಗಿಂತ ಚುರುಕಾಗಿ ಕಹಿ ಹಿಡಿಯುತ್ತಾರೆ. "ಮಕ್ಕಳು ಬಾಯಿಗೇ ಇಡ್ತಿಲ್ಲ" ಅಂತ ಆ ಮೇಡಂ ಬರೆದದ್ದು ನೆನಪಾಯ್ತು. ಅವರು ನಿಜ ಹೇಳ್ತಿದ್ರು, ನಾನೂ ನಿಜ ಹೇಳ್ತಿದ್ದೆ. ಸೊಪ್ಪು ಒಂದೇ, ನಾಲಿಗೆ ಎರಡು. ಮೇಲಾಗಿ ಏಪ್ರಿಲ್ ಬಿಸಿಲು. ಚಳಿಯಲ್ಲಿ ಕೇಲ್ ಎಲೆಯಲ್ಲಿ ಸಕ್ಕರೆ ಕೂಡುತ್ತೆ, ಬಿಸಿಲು ಏರಿ ನೀರು ಸಾಲದಾದಾಗ ಕಹಿ ಏರುತ್ತೆ. ಆ ಏರಿಕೆಯನ್ನು ತೋರಿಸಬೇಕಾದ ಮೀಟರೇ ನನ್ನ ಬಾಯಲ್ಲಿ ಕೆಟ್ಟು ಕೂತಿತ್ತು.

ಹಾಗಂತ ನಾನು ಕಹಿಗೆಲ್ಲ ಕುರುಡ ಅಲ್ಲ. ಸೌತೆಕಾಯಿಯ ಕಹಿ ತೊಟ್ಟು ಕಚ್ಚಿದ ತಕ್ಷಣ ಗೊತ್ತಾಗುತ್ತೆ, ಹಾಗಲದ್ದೂ ಗೊತ್ತಾಗುತ್ತೆ. ಆ ಪದಾರ್ಥಗಳೇ ಬೇರೆ, ಅವು ಕೂರುವ ಬೀಗಗಳೇ ಬೇರೆ. ಆದ್ದರಿಂದ "ನಾನು ಹಾಗಲಕಾಯಿ ಕಹಿ ತಿಳಿದವನು, ನನ್ನ ನಾಲಿಗೆ ಸರಿಯಿದೆ" ಅಂತ ಯಾರೂ ಜಂಭ ಪಡೋ ಹಾಗಿಲ್ಲ. ಒಂದು ಕಡೆ ಚುರುಕಾದ ನಾಲಿಗೆ ಇನ್ನೊಂದು ಕಡೆ ಮಂದ ಇರಬಹುದು.

ಕೇಲ್ ಕಹಿಯಾದರೆ ಹೋಗೋದು ಗಿರಾಕಿ ಮಾತ್ರ. ಸೋರೆಕಾಯಿ ಕಹಿಯಾದರೆ ಜೀವಕ್ಕೇ ಕುತ್ತು. ಸೋರೆ, ಸೌತೆ, ಕುಂಬಳ, ಹೀರೆ ಜಾತಿಯಲ್ಲಿ ಬರೋ ಕಹಿ ಕುಕುರ್ಬಿಟಾಸಿನ್ ಅನ್ನೋ ವಿಷದ್ದು. ಬೆಳಗ್ಗೆ ಎದ್ದು ಸೋರೆಕಾಯಿ ಜ್ಯೂಸ್ ಕುಡಿಯೋ ಅಭ್ಯಾಸ ಹಬ್ಬಿದ ಮೇಲೆ ಕಹಿ ಜ್ಯೂಸ್ ಕುಡಿದು ರಕ್ತವಾಂತಿ ಮಾಡಿಕೊಂಡು, ಬಿಪಿ ಕುಸಿದು ಆಸ್ಪತ್ರೆ ಸೇರಿದವರಿದ್ದಾರೆ, ನಮ್ಮ ದೇಶದಲ್ಲಿ ಸಾವುಗಳೂ ಆಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಕೊಟ್ಟ ಸಲಹೆ ನೇರವಾಗಿದೆ: ಜ್ಯೂಸಿಗೆ ಮುಂಚೆ ಸಣ್ಣ ತುಂಡು ರುಚಿ ನೋಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ಜ್ಯೂಸ್ ಬೆರೆಸಿ ಕುಡಿಯಬೇಡಿ, ಕುಡಿದ ಮೇಲೆ ಹೊಟ್ಟೆ ಕೆಟ್ಟರೆ ಕೂಡಲೇ ಆಸ್ಪತ್ರೆಗೆ ಹೋಗಿ. ಇದಕ್ಕೆ ಮದ್ದು ಅಂತ ಪ್ರತ್ಯೇಕ ಔಷಧಿ ಇಲ್ಲ. ಬೇಯಿಸಿದರೂ ಆ ವಿಷ ಹೋಗಲ್ಲ.

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿ ಹೇಳ್ತೀನಿ. ಸೋರೆ ಜಾತಿಯ ಕಾಯಿಯನ್ನು ಮನೆಯಲ್ಲಿ ಒಬ್ಬರೇ ಒಬ್ಬರು ಕಹಿ ಅಂದರೂ ಆ ಕಾಯಿ ತಿಪ್ಪೆಗೆ. ನಾಲ್ಕು ಜನ ಕಹಿ ಇಲ್ಲ ಅಂದ್ರೂ ಸೈ. ಅದರಲ್ಲಿ ಓಟು ಹಾಕೋದು ಬೇಡ. ಮನೆಯ ಹಿರಿಯರು "ಏನೂ ಆಗಲ್ಲ, ತಿನ್ನು" ಅಂತ ಮಕ್ಕಳಿಗೆ ಗದರಿಸೋ ಪದ್ಧತಿ ಈ ಒಂದು ವಿಷಯದಲ್ಲಾದರೂ ನಿಲ್ಲಬೇಕು.

ಬೀಜ ಎತ್ತಿಡುವವರಿಗೆ ಇನ್ನೊಂದು ಮಾತು. ನಮ್ಮಪ್ಪ ಬೀಜದ ಸೌತೆ, ಬೀಜದ ಸೋರೆ ಆರಿಸುವಾಗ ಕಾಯಿ ಕಚ್ಚಿ ನೋಡಿ ಸಿಹಿ ಇದ್ದದ್ದನ್ನೇ ಇಟ್ಟುಕೊಳ್ತಿದ್ದರು. ಆದರೂ ಕೆಲವು ಸಲ ಮುಂದಿನ ಬೆಳೆಯಲ್ಲಿ ಕಹಿ ಬಳ್ಳಿ ಬರ್ತಿತ್ತು, ಯಾರೋ ದೃಷ್ಟಿ ಹಾಕಿದ್ರು ಅಂತಿದ್ವಿ. ವಿಷಯ ಏನು ಅಂದ್ರೆ, ಈ ಸಲದ ಕಾಯಿಯ ರುಚಿ ತಾಯಿಬಳ್ಳಿಯದ್ದು. ಬೇಲಿಯಲ್ಲಿ ಬೆಳೆದ ಕಹಿ ಸೋರೆಯ ಪರಾಗವನ್ನು ಜೇನ್ನೊಣ, ಪತಂಗ ತಂದು ಹಾಕಿದ್ದರೆ ಅದರ ಪರಿಣಾಮ ಬೀಜದೊಳಗೆ ಅಡಗಿರುತ್ತೆ, ಆ ಬೀಜ ಬಿತ್ತಿ ಕಾಯಿ ಬಿಟ್ಟ ಮೇಲೆ ಹೊರಬರುತ್ತೆ. ಅಂದ್ರೆ ಎಷ್ಟೇ ಚುರುಕಾದ ನಾಲಿಗೆಯೂ ಬೀಜದ ಕಾಯಿ ಕಚ್ಚಿ ಇದನ್ನು ಕಂಡುಹಿಡಿಯಲಾರದು. ಬೀಜಕ್ಕೆ ಅಂತ ಇಡುವ ಹೆಣ್ಣು ಹೂವನ್ನು ಅರಳುವ ಮುಂಚೆ ಕಾಗದದ ಚೀಲ ಹಾಕಿ ಮುಚ್ಚಿ, ಅದೇ ತಳಿಯ ಗಂಡು ಹೂವಿನಿಂದ ಕೈಯಲ್ಲಿ ಪರಾಗ ಹಾಕಿ. ಮಾರೋ ಬೆಳೆಯಲ್ಲಿ ಪ್ರತಿ ಬಳ್ಳಿಯ ಮೊದಲ ಕಾಯಿಯ ಚೂರು ನಾಲಿಗೆಗೆ ಮುಟ್ಟಿಸಿ ಉಗಿದು ನೋಡಿ. ಕಹಿ ಬಳ್ಳಿ ಸಿಕ್ಕರೆ ಬುಡಸಮೇತ ಕಿತ್ತುಬಿಡಿ.

ಇನ್ನು ನಾಟಿ, ಹೈಬ್ರಿಡ್ ಜಗಳ. "ನಾಟಿ ಟೊಮೆಟೊ ರುಚಿ ಹೈಬ್ರಿಡ್‌ಗೆ ಬರಲ್ಲ" ಅಂತ ನಾವೆಲ್ಲ ಹೇಳ್ತೀವಿ. ಇದರಲ್ಲಿ ನಿಜವೂ ಇದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಮತ್ತು ಚೀನಾದ ವಿಜ್ಞಾನಿಗಳು ಸೇರಿ 2017ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಸುಮಾರು 100 ತಳಿ ಟೊಮೆಟೊಗಳನ್ನು ಸಾಮಾನ್ಯ ಜನರ ಬಾಯಿಗೆ ಕೊಟ್ಟು ಅಂಕ ಹಾಕಿಸಿದರು. ಈಗಿನ ವ್ಯಾಪಾರಿ ತಳಿಗಳಲ್ಲಿ ಸ್ವಾದಕ್ಕೆ ಬೇಕಾದ ಹಲವು ಆವಿಯಾಗುವ ಪದಾರ್ಥಗಳು ಕಡಿಮೆಯಾಗಿವೆ ಅಂತ ಕಂಡಿತು. ನಾವು ರುಚಿ ಅಂತ ಕರೆಯೋದರಲ್ಲಿ ದೊಡ್ಡ ಪಾಲು ವಾಸನೆ, ಅಗಿಯುವಾಗ ಬಾಯಿ ಹಿಂದಿನಿಂದ ಮೂಗಿಗೆ ಏರುವಂಥದ್ದು. ನೆಗಡಿ ಆದಾಗ ಸಾರು ಸಪ್ಪೆ ಅನ್ನಿಸೋದು ಇದಕ್ಕೇ. ಟೊಮೆಟೊ ಫ್ರಿಜ್‌ನಲ್ಲಿ ವಾರ ಇಟ್ಟರೆ ಆ ವಾಸನೆ ತಯಾರಿಸೋ ಜೀನ್‌ಗಳ ಕೆಲಸವೇ ಮಂದವಾಗುತ್ತೆ, ಹೊರಗೆ ತೆಗೆದಿಟ್ಟರೂ ಪೂರ್ತಿ ವಾಪಸ್ ಬರಲ್ಲ. ನಿಮ್ಮ ಗಿರಾಕಿಗೆ ಇದನ್ನೊಂದು ಹೇಳಿಬಿಡಿ, ಅರ್ಧ ದೂರು ಅಲ್ಲೇ ನಿಲ್ಲುತ್ತೆ.

ಆದರೆ ನಾಟಿ ಅಂತ ಚೀಟಿ ಅಂಟಿಸಿದ ತಕ್ಷಣ ನಮ್ಮ ನಾಲಿಗೆ ಮೊದಲೇ ತೀರ್ಪು ಕೊಟ್ಟಿರುತ್ತೆ ಅನ್ನೋದನ್ನೂ ಒಪ್ಪಿಕೊಳ್ಳೋಣ. ನನ್ನ ಗೆಳೆಯನೊಬ್ಬ ನಾಟಿ ಪಕ್ಷದ ಕಟ್ಟಾಳು. ಹೆಸರು ಹೇಳದೆ ನಾಲ್ಕು ತಟ್ಟೆ ಟೊಮೆಟೊ ಕೊಟ್ಟೆ, ಹೈಬ್ರಿಡ್ ತಟ್ಟೆಯನ್ನೇ ಚಪ್ಪರಿಸಿ ತಿಂದ. ಈಗಲೂ ಒಪ್ಪಲ್ಲ, ನೀನು ತಟ್ಟೆ ಬದಲಾಯಿಸಿದೆ ಅಂತಾನೆ.

ಒಂದೇ ನಾಲಿಗೆ ಸಾಲದು ಅನ್ನೋದು ದೊಡ್ಡ ವ್ಯಾಪಾರದವರಿಗೆ ಯಾವತ್ತೋ ಗೊತ್ತು. ಮೆಣಸಿನಕಾಯಿ ಖಾರ ಅಳೆಯೋಕೆ 1912ರಲ್ಲಿ ಸ್ಕೋವಿಲ್ ಅನ್ನೋ ಔಷಧ ತಜ್ಞ ಖಾರದ ರಸವನ್ನು ಸಕ್ಕರೆ ನೀರಲ್ಲಿ ತೆಳ್ಳಗೆ ಮಾಡುತ್ತಾ ಹೋಗಿ, ಖಾರ ಗೊತ್ತಾಗದೆ ಹೋಗುವ ತನಕ ಹಲವರ ನಾಲಿಗೆಗೆ ಕೊಡ್ತಿದ್ದ. ಈಗ ಅದಕ್ಕೆ ಯಂತ್ರ ಬಂದಿದೆ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನೂ ಖಾರವನ್ನೂ ಪ್ರಯೋಗಾಲಯದಲ್ಲೇ ಅಳೆಯಬಹುದು. (ಖಾರ ನಿಜಕ್ಕೂ ರುಚಿಯಲ್ಲ, ಉರಿ. ಬಿಸಿ ಹತ್ತಿದಾಗ ಸುದ್ದಿ ಕೊಡೋ ನರದ ಬೀಗವನ್ನೇ ಮೆಣಸಿನಕಾಯಿ ತೆರೆಯುತ್ತೆ. ಅದನ್ನು 1997ರಲ್ಲಿ ಕಂಡುಕೊಂಡ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಹಕ್ಕಿಗಳಲ್ಲಿರೋ ಆ ಬೀಗಕ್ಕೆ ಮೆಣಸಿನ ಕೀಲಿ ಕೂರಲ್ಲ, ಗಿಳಿ ಆರಾಮಾಗಿ ನಿಮ್ಮ ಮೆಣಸಿನಕಾಯಿ ತಿಂದು ಹೋಗೋದು ಅದಕ್ಕೇ.) ಕಾಫಿಯವರು ಕಪ್ಪಿಂಗ್ ಮಾಡುವಾಗ ಹಲವು ಜನ ಕೂತು ಗುಟುಕು ಹೀರಿ ಉಗಿದು, ಅಂಕ ಹಾಕಿ, ಎಲ್ಲರ ಅಂಕ ಕೂಡಿಸುತ್ತಾರೆ. ದ್ರಾಕ್ಷಿ, ಕಲ್ಲಂಗಡಿಯವರು ಬ್ರಿಕ್ಸ್ ಮೀಟರ್ ಇಟ್ಟುಕೊಂಡಿದ್ದಾರೆ. ಅದೂ ಸಕ್ಕರೆಯ ಅಂದಾಜು ಕೊಡುತ್ತೆ ಹೊರತು ಕಹಿಯನ್ನಲ್ಲ. ಸೊಪ್ಪು-ತರಕಾರಿ ಬೆಳೆಯೋ ನಾವು ಮಾತ್ರ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಎಲೆ ಕಚ್ಚಿ, ಚೆನ್ನಾಗಿದೆ ಕಣೋ ಅಂತೀವಿ.

ಈಗ ನಮ್ಮ ಮನೆಯಲ್ಲಿ ಮಾಡ್ತಿರೋದು ಇಷ್ಟು. ಹೊಸ ತಳಿ ಬಂದಾಗ, ಹಂಗಾಮು ಬದಲಾದಾಗ ಆರು ಜನ ರುಚಿ ನೋಡ್ತೀವಿ: ಅಮ್ಮ, ತಂಗಿ, ನಾನು, ಪಕ್ಕದ ಮನೆ ಅಜ್ಜಿ, ಇಬ್ಬರು ಹುಡುಗರು. ಬೆಳಗಿನ ಹೊತ್ತು, ಕಾಫಿ, ಬೀಡಿ, ಎಲೆಅಡಿಕೆಗೆ ಮುಂಚೆ. ಮೂರು ಬಟ್ಟಲು, ಎರಡರಲ್ಲಿ ಒಂದೇ ಸೊಪ್ಪು, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಸುಮ್ಮನೆ ಊಹಿಸಿದರೆ ಮೂರರಲ್ಲಿ ಒಂದು ಸಲ ಸರಿಯಾಗುತ್ತೆ, ಹಾಗಾಗಿ ಒಬ್ಬೊಬ್ಬರಿಗೂ ಮೂರು-ನಾಲ್ಕು ಸಲ ಕೊಡ್ತೀವಿ. ನಡುವೆ ನೀರು ಮುಕ್ಕಳಿಸೋದು. ಒಬ್ಬರು ಹೇಳೋದು ಇನ್ನೊಬ್ಬರಿಗೆ ಕೇಳಬಾರದು, ಇಲ್ಲವಾದರೆ ಅಜ್ಜಿ ಹೇಳಿದ್ದನ್ನೇ ಹುಡುಗರೂ ಹೇಳ್ತಾರೆ. ಮೊಬೈಲಲ್ಲಿ ಬರೆದಿಟ್ಟುಕೊಳ್ತೀನಿ. ಅರ್ಧ ಗಂಟೆ ಕೆಲಸ, ಖರ್ಚಿಲ್ಲ.

ಒಬ್ಬೊಬ್ಬರ ನಾಲಿಗೆ ಒಂದೊಂದು ಥರ ಅಂದ ಮೇಲೆ ಯಾರನ್ನು ಮೆಚ್ಚಿಸೋದು, ಎಲ್ಲಾ ಸಪ್ಪೆ ಬೆಳೀಬೇಕಾ ಅಂತ ಮಾವ ಕೇಳಿದರು. ಒಳ್ಳೆ ಪ್ರಶ್ನೆ. ಬೇಡ. ಕಹಿ ಬೇಕು ಅನ್ನೋ ಜನರೂ ಇದ್ದಾರೆ, ಇಲ್ಲದಿದ್ದರೆ ಹಾಗಲಕಾಯಿ, ಮೆಂತ್ಯ ಯಾರು ಕೊಳ್ತಿದ್ರು? ಆದರೆ ಮಾರುವವನು ತನ್ನ ನಾಲಿಗೆಯ ಸುದ್ದಿಯನ್ನು ಸೊಪ್ಪಿನ ಸುದ್ದಿ ಅಂತ ಹೇಳಬಾರದು. ಈಗ ಗ್ರೂಪಲ್ಲಿ ನೇರವಾಗಿ ಬರೀತೀನಿ: "ಈ ವಾರದ ಕೇಲ್ ನಮ್ಮ ಮನೆ ಆರು ಜನರಲ್ಲಿ ನಾಲ್ವರಿಗೆ ಕಹಿ. ಮಕ್ಕಳಿಗಾದರೆ ಎಳೆ ಎಲೆ ಕೇಳಿ ತಗೊಳ್ಳಿ. ಉಪ್ಪು ಹಾಕಿದ ನೀರಲ್ಲಿ ಕುದಿಸಿ ನೀರು ಬಸಿದು ಒಗ್ಗರಣೆ ಕೊಡಿ." ಉಪ್ಪು ಕಹಿಯನ್ನು ಅಡಗಿಸುತ್ತೆ, ಕುದಿಸಿದ ನೀರಿನ ಜೊತೆ ಒಂದಷ್ಟು ಕಹಿ ಪದಾರ್ಥವೂ ಹೋಗುತ್ತೆ. ಅಮ್ಮ ಮಾಡ್ತಿದ್ದದ್ದು ಅದೇ. ಮಾರ್ಚ್ ಕಳೆದ ಮೇಲೆ ಕೇಲ್ ನಿಲ್ಲಿಸಿ ಆ ಜಾಗಕ್ಕೆ ದಂಟು, ಹರಿವೆ ಹಾಕ್ತೀನಿ.

ಹದಿನಾಲ್ಕರಲ್ಲಿ ಒಂಬತ್ತು ಮನೆ ವಾಪಸ್ ಬಂದಿವೆ. ಆ ಮೇಡಂಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. "ನಮ್ಮ ಯಜಮಾನ್ರಿಗೂ ಕಹಿ ಗೊತ್ತಾಗಲ್ಲ, ನಮ್ಮನೇಲೂ ಇದೇ ಜಗಳ" ಅಂತ ನಕ್ಕರು. ಉಳಿದ ಐದು ಮನೆಯವರು ಇನ್ನೂ ಫೋನ್ ಎತ್ತಿಲ್ಲ.